ಸೈನ್ಸ್ ಮಕ್ಕಳ ಕೈಯಿಂದ ಕಾವ್ಯ ಕಿತ್ತುಕೊಳ್ಳಬೇಡಿ

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಕಾಲೇಜುಗಳ ಪ್ರಾಚಾರ್ಯರಿಗೆ, ಮಕ್ಕಳನ್ನು ಸೈನ್ಸ್‌ಗೆ ಸೇರಿಸಿದ ಎಲ್ಲ ಅಪ್ಪ ಅವ್ವಂದಿರಿಗೆ,

ನಮಸ್ಕಾರ.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಈ ಪತ್ರ ಬರೆಯುತ್ತಿರುವುದು ಕನ್ನಡದ ತರಗತಿಯ ಬಗ್ಗೆ. ಫಿಸಿಕ್ಸ್ ಮೇಡಂಗೆ ಇದರಲ್ಲೇನು ಕೆಲಸ ಎಂದು ನಿಮಗೆ ಅನ್ನಿಸಬಹುದು. ಕೆಲಸ ಇದೆ. ಕಾವ್ಯ ತಪ್ಪಿಸಿಕೊಂಡ ಮಕ್ಕಳು ಮುಂದಿನ ಗಂಟೆಗೆ ನನ್ನ ಎದುರಿಗೇ ಬಂದು ಕೂಡುತ್ತಾರೆ. ಅವರಲ್ಲಿ ಏನು ಕಡಿಮೆಯಾಗಿದೆ ಎಂಬುದು ನನಗೆ ದಿನಾ ಕಾಣುತ್ತದೆ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಎಷ್ಟೋ ಕಾಲೇಜುಗಳಲ್ಲಿ ವೇಳಾಪಟ್ಟಿ ಬದಲಾಗುತ್ತದೆ. ಕನ್ನಡದ ಪಿರಿಯಡ್ ಮೊದಲು ಹೋಗುತ್ತದೆ. ಆಮೇಲೆ ಲೈಬ್ರರಿ. ಆ ಜಾಗಕ್ಕೆ ಸಿಇಟಿ, ನೀಟ್ ರಿವಿಜನ್ ಬರುತ್ತದೆ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ರನ್ನನ ಪಾಠ ಅರ್ಧಕ್ಕೆ ನಿಂತಿತು. ಆ ಪಿರಿಯಡ್ ನನಗೇ ಬಂತು. ನನಗೆ ಬೇಡ, ಪಾಠ ಮುಗಿಯಲಿ ಎಂದು ಕೇಳಿಕೊಂಡೆ. "ಸೈನ್ಸ್ ಮಕ್ಕಳಿಗೆ ಕವಿತೆ ಪಾಸಾಗೋಕೆ ಸಾಕು ಮೇಡಂ. ಕಲ್ಪನೆಯಿಂದ ಸೀಟು ಸಿಗೋದಿಲ್ಲ" ಎಂಬ ಉತ್ತರ ಬಂತು. ಆ ಮಾತು ಆಡಿದವರು ಕೆಟ್ಟವರಲ್ಲ. ಭಾಷೆಯ ಅಂಕ ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನಿಜ. ಫಲಿತಾಂಶ ಕಡಿಮೆಯಾದರೆ ಬೈಸಿಕೊಳ್ಳುವವರೂ ಅವರೇ. ಆದರೂ ಆ ಮಾತಿನಲ್ಲಿ ದೊಡ್ಡ ತಪ್ಪಿದೆ. ಕಲ್ಪನೆ ಕವಿಯದು, ಲೆಕ್ಕ ವಿಜ್ಞಾನಿಯದು ಎಂದು ಎರಡು ಪಾಲು ಮಾಡಿ ಹಂಚಿಬಿಟ್ಟಿದ್ದೇವೆ. ಮಹಾಕಾವ್ಯ ಕಟ್ಟಿದವನಿಗೂ ಹೊಸ ಸಿದ್ಧಾಂತ ಕಟ್ಟಿದವನಿಗೂ ಮೊದಲು ಬೇಕಾದದ್ದು ಒಂದೇ ಶಕ್ತಿ. ಎದುರಿಗೆ ಇಲ್ಲದ್ದನ್ನು ಪೂರ್ತಿಯಾಗಿ ಕಣ್ಣೊಳಗೆ ತಂದುಕೊಳ್ಳುವುದು, ಅದರೊಳಗೆ ಹೋಗಿ ನಿಲ್ಲುವುದು, ಅಲ್ಲಿ ಮುಂದೇನಾಗಲೇಬೇಕು ಎಂದು ಯೋಚಿಸುವುದು.

ರನ್ನನನ್ನೇ ತೆಗೆದುಕೊಳ್ಳಿ. ಅವನು ನಮ್ಮವನು. ಮುಧೋಳದ ಬಳೆಗಾರರ ಮನೆಯ ಹುಡುಗ. ಓದಬೇಕೆಂಬ ಹಠಕ್ಕೆ ಊರು ಬಿಟ್ಟು ಗಂಗರ ನಾಡಿನವರೆಗೆ ಹೋದವನು. ಮಹಾಭಾರತದ ಕಥೆ ಅವನಿಗಿಂತ ಮೊದಲೇ ಎಲ್ಲರಿಗೂ ಗೊತ್ತಿತ್ತು. ಅವನಿಗೆ ಮುಂಚೆ ಪಂಪ ಅದನ್ನು ಕನ್ನಡದಲ್ಲಿ ಹೇಳಿಯೂ ಆಗಿತ್ತು. ಹಾಗಾದರೆ ಹೊಸದಾಗಿ ಏನು ಹೇಳುವುದು? ರನ್ನ ತನ್ನ 'ಗದಾಯುದ್ಧ' ಕಾವ್ಯಕ್ಕೆ ಯುದ್ಧದ ಕೊನೆಯ ದಿನವನ್ನು ಆರಿಸಿಕೊಂಡ. ಭೀಮ, ದುರ್ಯೋಧನ, ಎರಡು ಗದೆ. ಉಳಿದ ಭಾರತವೆಲ್ಲ ಅಲ್ಲಿಂದ ಹಿಂದಕ್ಕೆ ತಿರುಗಿ ನೋಡಿದಾಗ ಕಾಣುತ್ತದೆ. ನೆನಪಿನಲ್ಲಿ, ಹಂಗಿಸುವ ಮಾತಿನಲ್ಲಿ, ಅಳುವಿನಲ್ಲಿ.

ದುರ್ಯೋಧನ ಸರೋವರದಲ್ಲಿ ಮುಳುಗಿ ಕೂತಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಅದನ್ನು ಕೇಳಿ ದುರ್ಯೋಧನ ನೀರೊಳಗಿದ್ದೂ ಬೆವರಿದ ಎನ್ನುತ್ತಾನೆ ರನ್ನ. ಸಾವಿರ ವರ್ಷದಿಂದ ಕನ್ನಡಿಗರು ಈ ಮಾತನ್ನು ಮರೆತಿಲ್ಲ. ಯಾಕೆ? ಚಮತ್ಕಾರ ಎಂದು ಮಾತ್ರ ಅಲ್ಲ. ರನ್ನ ದಡದಲ್ಲಿ ನಿಂತು ಬರೆದಿದ್ದರೆ ಅವನಿಗೆ ನೀರು ಕಾಣುತ್ತಿತ್ತು, ಬೆವರು ಕಾಣುತ್ತಿರಲಿಲ್ಲ. ಅವನು ನೀರಿಗೆ ಇಳಿದ. ದುರ್ಯೋಧನನ ಮೈಯೊಳಗೆ ಹೊಕ್ಕ. ಹೊರಗೆ ತಂಪು, ಒಳಗೆ ಸಿಟ್ಟಿನ ಬೆಂಕಿ. ಹಾಗಿದ್ದರೆ ಆ ಮೈಗೆ ಏನಾಗಬೇಕು ಎಂದು ಯೋಚಿಸಿದ. ಉತ್ತರ ಬೆವರು.

ಈಗ 1907ಕ್ಕೆ ಬನ್ನಿ. ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಪೇಟೆಂಟ್ ಕಚೇರಿ. ಐನ್‌ಸ್ಟೈನ್ ಅಲ್ಲಿ ಗುಮಾಸ್ತಗಿರಿಯಂಥ ಕೆಲಸದಲ್ಲಿದ್ದ. ಕುರ್ಚಿಯಲ್ಲಿ ಕೂತಿದ್ದಾಗ ಅವನಿಗೆ ಒಂದು ವಿಚಾರ ಹೊಳೆಯಿತು. ಮೇಲಿನಿಂದ ಬೀಳುತ್ತಿರುವ ಮನುಷ್ಯನಿಗೆ ತನ್ನ ತೂಕವೇ ತಿಳಿಯುವುದಿಲ್ಲ. ತನ್ನ ಬದುಕಿನ ಅತ್ಯಂತ ಸಂತೋಷದ ವಿಚಾರ ಅದು ಎಂದು ಆಮೇಲೆ ಅವನೇ ಹೇಳಿಕೊಂಡ. ವಸ್ತುಗಳು ಬೀಳುವುದನ್ನು ಮನುಷ್ಯರು ಮೊದಲಿನಿಂದ ನೋಡಿದ್ದಾರೆ. ಆದರೆ ನೋಡಿದ್ದು ನೆಲದ ಮೇಲೆ ನಿಂತು. ಐನ್‌ಸ್ಟೈನ್ ಬೀಳುವವನ ಜೊತೆ ತಾನೂ ಬಿದ್ದ. ಅಲ್ಲಿಂದ ನೋಡಿದರೆ ಜೇಬಿನ ನಾಣ್ಯವೂ ಕೈಯ ಟೊಪ್ಪಿಗೆಯೂ ಜೊತೆಯಲ್ಲೇ ಬೀಳುತ್ತವೆ, ಪಕ್ಕದಲ್ಲೇ ತೇಲುತ್ತಿರುವ ಹಾಗೆ ಕಾಣುತ್ತವೆ. ಹಾಗಾದರೆ ಗುರುತ್ವ ಅಂದರೇನು? ಈ ಪ್ರಶ್ನೆಯ ಹಿಂದೆ ಬಿದ್ದು ಎಂಟು ವರ್ಷ ಗಣಿತದ ಜೊತೆ ಗುದ್ದಾಡಿದ. 1915ರಲ್ಲಿ ಸಾಮಾನ್ಯ ಸಾಪೇಕ್ಷ ಸಿದ್ಧಾಂತ ಬಂತು. 1919ರ ಮೇ 29ರ ಸೂರ್ಯಗ್ರಹಣದಲ್ಲಿ ತೆಗೆದ ಫೋಟೋಗಳಲ್ಲಿ ನಕ್ಷತ್ರದ ಬೆಳಕು ಸೂರ್ಯನ ಹತ್ತಿರ ಬಾಗಿದ್ದು ಕಂಡಿತು.

ರನ್ನ ಮಾಡಿದ್ದೂ ಇದನ್ನೇ. ಪಾಂಡವರು ಗೆದ್ದರು ಎಂದು ದಡದ ಮೇಲಿನಿಂದ ಎಲ್ಲರೂ ನೋಡಿದ್ದರು. ಅವನು ಸೋಲುತ್ತಿರುವವನ ಜೊತೆ ಹೋದ. ಅವನ ಕಾವ್ಯದ ನಾಯಕ ಭೀಮ, ಅದರಲ್ಲಿ ಸಂಶಯವಿಲ್ಲ. ಆಶ್ರಯ ಕೊಟ್ಟ ರಾಜ ಸತ್ಯಾಶ್ರಯನನ್ನೇ ಭೀಮನಲ್ಲಿ ಕಂಡು ಬರೆದವನು ಅವನು. ಆದರೆ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುವ ದುರ್ಯೋಧನ, ಕರ್ಣನ ಹೆಣದ ಮುಂದೆ ನಿಂತು ಅಳುವ ದುರ್ಯೋಧನ ನಮಗೆ ಸಿಕ್ಕಿದ್ದು ರನ್ನ ಅಲ್ಲಿಗೆ ಹೋಗಿ ನಿಂತದ್ದಕ್ಕೆ. ನಿಂತ ಜಾಗ ಬದಲಾದರೆ ಅದೇ ಜಗತ್ತು ಬೇರೆಯಾಗಿ ಕಾಣುತ್ತದೆ. ಇದನ್ನು ಹತ್ತನೆಯ ಶತಮಾನದ ಮುಧೋಳದವನೊಬ್ಬ ಮಾಡಿ ತೋರಿಸಿದ್ದಾನೆ. ಅದೇ ಪಾಠವನ್ನು ತೆಗೆದು ನಾವು ಮಕ್ಕಳಿಗೆ ಲಿಫ್ಟಿನ ಲೆಕ್ಕ ಬಾಯಿಪಾಠ ಮಾಡಿಸುತ್ತಿದ್ದೇವೆ.

ಆ ಲಿಫ್ಟಿನ ಲೆಕ್ಕ ಏನು ಅಂತ ಪಾಲಕರಿಗೂ ಹೇಳುತ್ತೇನೆ. ಹಗ್ಗ ಕಡಿದು ಲಿಫ್ಟ್ ಬೀಳುತ್ತಿದ್ದರೆ ಒಳಗಿರುವವನ ತೂಕ ಎಷ್ಟು? ತರಗತಿಯಲ್ಲಿ ಎಲ್ಲರೂ ಒಟ್ಟಿಗೇ "ಸೊನ್ನೆ" ಎನ್ನುತ್ತಾರೆ. ಸೂತ್ರದಲ್ಲಿ ಹಾಗೆ ಬರುತ್ತದೆ. ಅದೇ ಮಕ್ಕಳನ್ನು, "ನೀನು ಆ ಲಿಫ್ಟಿನೊಳಗೆ ಇದ್ದೀಯ, ಕೈಲಿದ್ದ ಪೆನ್ನು ಬಿಟ್ಟೆ, ಏನು ಕಾಣುತ್ತೆ?" ಎಂದು ಕೇಳಿ ನೋಡಿ. ಜಾಸ್ತಿ ಮಕ್ಕಳು ಸುಮ್ನೆ ಕೂರುತ್ತಾರೆ. ಸೂತ್ರ ಬಂದಿದೆ, ಲಿಫ್ಟು ಬಂದಿಲ್ಲ. ಅವರು ಒಳಗೆ ಹೋಗಿಯೇ ಇಲ್ಲ. ಇನ್ನೊಬ್ಬರ ಜಾಗಕ್ಕೆ ಹೋಗಿ ನಿಲ್ಲುವ ಅಭ್ಯಾಸ ಅವರಿಗೆ ಎಲ್ಲಿಂದ ಬರಬೇಕು? ಭೌತಶಾಸ್ತ್ರದ ಪುಸ್ತಕದಲ್ಲಿ ಅದಕ್ಕೆ ಒಂದು ಪಾಠವೂ ಇಲ್ಲ. ಆ ಅಭ್ಯಾಸ ಮಾಡಿಸುವ ಪುಸ್ತಕ ಪಕ್ಕದಲ್ಲೇ ಇತ್ತು. ಅದನ್ನು ಮುಚ್ಚಿಸಿದ್ದು ನಾವು.

ವಿಜಯಪುರದವರಿಗೆ ಭಾಸ್ಕರಾಚಾರ್ಯರ ಹೆಸರು ಹೇಳಿದರೆ ಖುಷಿ. 1114ರಲ್ಲಿ ಹುಟ್ಟಿದ ಅವರು ತಮ್ಮ ಊರು ವಿಜ್ಜಡವಿಡ ಎಂದು ಬರೆದಿದ್ದಾರೆ. ಅದು ವಿಜಯಪುರವೇ ಎನ್ನುವವರು ಬಹಳ ಜನ. ಮಹಾರಾಷ್ಟ್ರದ ಖಾನದೇಶದ ಕಡೆಯದು ಎನ್ನುವವರೂ ಇದ್ದಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ನಮ್ಮವರು ಎಂದು ಹೆಮ್ಮೆ ಪಡುವವರು ಅವರ ಒಂದು ಲೆಕ್ಕವನ್ನಾದರೂ ಮಕ್ಕಳ ಮುಂದೆ ಇಡಲಿ ಎಂಬುದಷ್ಟೇ ನನ್ನ ಆಸೆ.

ಅವರ ಗಣಿತದ ಪುಸ್ತಕ ಲೀಲಾವತಿಯಲ್ಲಿ ದುಂಬಿಗಳ ಲೆಕ್ಕ ಒಂದಿದೆ. ಒಂದು ದುಂಬಿಗಳ ಹಿಂಡು. ಅದರಲ್ಲಿ ಐದನೆಯ ಒಂದು ಪಾಲು ಕದಂಬದ ಹೂವಿಗೆ ಹೋಯಿತು. ಮೂರನೆಯ ಒಂದು ಪಾಲು ಶಿಲೀಂಧ್ರ ಎಂಬ ಹೂವಿಗೆ. ಈ ಎರಡು ಪಾಲುಗಳ ನಡುವಿನ ವ್ಯತ್ಯಾಸದ ಮೂರರಷ್ಟು ಕುಟಜದ ಹೂವಿಗೆ. ಉಳಿದದ್ದು ಒಂದೇ ದುಂಬಿ. ಅದಕ್ಕೆ ಕೇದಿಗೆಯ ಕಂಪೂ ಬೇಕು, ಮಾಲತಿಯ ಕಂಪೂ ಬೇಕು. ಯಾವ ಕಡೆಗೂ ಹೋಗಲಾರದೆ ಗಾಳಿಯಲ್ಲೇ ಅಲೆಯುತ್ತಿದೆ. ಒಟ್ಟು ದುಂಬಿ ಎಷ್ಟು?

ಉತ್ತರ 15. ಮೂರು, ಐದು, ಆರು, ಒಂದು. ಇಲ್ಲಿ ನೋಡಬೇಕಾದದ್ದು ಆ ಒಂಟಿ ದುಂಬಿಯನ್ನು. ಪದ್ಯದಲ್ಲಿ ಎಲ್ಲಕ್ಕಿಂತ ಚೆಂದದ ಮಾತು ಅದರದ್ದೇ. ಎರಡು ಕಂಪಿನ ನಡುವೆ ಸಿಕ್ಕಿಬಿದ್ದ ಜೀವ. ಲೆಕ್ಕದಲ್ಲೂ ಎಲ್ಲ ನಿಂತಿರುವುದು ಅದರ ಮೇಲೆಯೇ. ಆ ಒಂದನ್ನು ತೆಗೆದುಬಿಡಿ, ಬರೀ ಪಾಲುಗಳಿಂದ ದುಂಬಿ ಎಷ್ಟೆಂದು ಕಂಡುಹಿಡಿಯಲು ಆಗುವುದಿಲ್ಲ. ಪದ್ಯ ಬೇರೆ, ಗಣಿತ ಬೇರೆ ಮಾಡಿ ಆಮೇಲೆ ಅಂಟಿಸಿದ್ದರೆ ಹೀಗೆ ಆಗುತ್ತಿರಲಿಲ್ಲ. ಒಂದೇ ತಲೆಯಲ್ಲಿ, ಒಂದೇ ಸಲಕ್ಕೆ ಎರಡೂ ಹುಟ್ಟಿವೆ. ಅದೇ ಪುಸ್ತಕದಲ್ಲಿ 9 ಮೊಳದ ಕಂಬದ ಮೇಲೆ ಕೂತ ನವಿಲು, 27 ಮೊಳ ದೂರದಿಂದ ಕಂಬದ ಬುಡದ ಬಿಲಕ್ಕೆ ಬರುತ್ತಿರುವ ಹಾವಿನ ಮೇಲೆ ಎರಗುವ ಲೆಕ್ಕವೂ ಇದೆ. ಎರಡೂ ಸಮ ದೂರ ಸಾಗಿದರೆ ಬಿಲದಿಂದ ಎಷ್ಟು ದೂರದಲ್ಲಿ ಸಿಕ್ಕುತ್ತವೆ? 12 ಮೊಳ. ನಮ್ಮ ಮಕ್ಕಳಿಗೆ ಪೈಥಾಗೊರಸ್ ಪ್ರಮೇಯ ಬರುತ್ತದೆ, ಈ ನವಿಲು ಗೊತ್ತಿಲ್ಲ.

ಇದೇ ಭಾಸ್ಕರರು ಇನ್ನೊಂದು ಕೆಲಸ ಮಾಡಿದ್ದಾರೆ. ಭೂಮಿಯನ್ನು ಯಾರೋ ಹೊತ್ತಿದ್ದಾರೆ ಎಂಬ ಪುರಾಣದ ಮಾತನ್ನು ಅವರು ಒಪ್ಪಲಿಲ್ಲ. ಭೂಮಿಯನ್ನು ಒಬ್ಬ ಹೊತ್ತರೆ ಅವನನ್ನು ಹೊರಲು ಇನ್ನೊಬ್ಬ ಬೇಕು, ಅವನಿಗೆ ಮತ್ತೊಬ್ಬ. ಕೊನೆಯವನು ತನ್ನ ಶಕ್ತಿಯಿಂದಲೇ ನಿಲ್ಲುತ್ತಾನೆ ಎನ್ನಬೇಕಾಗುತ್ತದೆ. ಅದನ್ನು ಮೊದಲಿಗೇ, ಭೂಮಿಗೇ ಯಾಕೆ ಹೇಳಬಾರದು? ಎಷ್ಟು ಸರಳ, ಎಷ್ಟು ಗಟ್ಟಿ ವಾದ. ಅವರಾದ ಮೇಲೆ ಕೆಲವು ಶತಮಾನ ಕಳೆದು ಗದುಗಿನ ಸೀಮೆಯ ಕುಮಾರವ್ಯಾಸ ಬಂದ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎಂದು ಹಾಡಿದ. ಒಬ್ಬರು ಶೇಷನನ್ನು ಭೂಮಿಯ ಕೆಳಗಿನಿಂದ ತೆಗೆದರು, ಇನ್ನೊಬ್ಬ ಅದೇ ಶೇಷನನ್ನು ತಂದು ಭಾರತದ ಕಥೆಗೆ ಪೀಠಿಕೆ ಹಾಕಿದ. ಇಬ್ಬರಲ್ಲಿ ಯಾರು ಸರಿ ಎಂದು ಯಾರಾದರೂ ಕೇಳುತ್ತಾರಾ? ಕುಮಾರವ್ಯಾಸ ಭೂಗೋಳ ಹೇಳುತ್ತಿಲ್ಲ. ಭಾಸ್ಕರರು ಕಾವ್ಯವನ್ನು ಬಯ್ಯುತ್ತಿಲ್ಲ. ಇಬ್ಬರೂ ಶೇಷನನ್ನು ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿ ಕಲ್ಪಿಸಿಕೊಂಡರು. ಅದಕ್ಕೇ ಒಬ್ಬರಿಗೆ ಅದರ ಕೆಳಗೆ ಮತ್ತೊಂದು ಬೇಕಾಗುತ್ತದೆ ಎಂಬ ತೊಡಕು ಕಂಡಿತು, ಇನ್ನೊಬ್ಬನಿಗೆ ಅದು ತಿಣುಕುವುದು ಕೇಳಿಸಿತು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ವಿಜ್ಞಾನ ದಿನದ ವೇದಿಕೆಗಳಲ್ಲಿ ಪುಷ್ಪಕ ವಿಮಾನದ ಹೆಸರು ಹೇಳಿ, ನಮ್ಮಲ್ಲಿ ಆಗಲೇ ವಿಮಾನ ಇತ್ತು ಎಂದು ಚಪ್ಪಾಳೆ ಗಿಟ್ಟಿಸುವುದು ನಿಲ್ಲಬೇಕು. ಇದರಿಂದ ವಿಜ್ಞಾನಕ್ಕೆ ಅನ್ಯಾಯ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ನೋವಾಗುವುದು ವಾಲ್ಮೀಕಿಗೆ ಆಗುವ ಅನ್ಯಾಯ ಕಂಡು. ಯಾರೋ ಮಾಡಿಟ್ಟ ಯಂತ್ರವನ್ನು ನೋಡಿ ವರದಿ ಬರೆದ ಎಂದರೆ ಅವನ ದೊಡ್ಡತನ ಏನು ಉಳಿಯಿತು? ಇಲ್ಲದ ವಿಮಾನವನ್ನು ಕಟ್ಟಿ, ಅದರಲ್ಲಿ ರಾಮ ಸೀತೆಯರನ್ನು ಕೂರಿಸಿ, ಅವರು ಬಂದ ದಾರಿಯನ್ನೆಲ್ಲ ಆಕಾಶದಿಂದ ತೋರಿಸಿದ್ದು ಅವನ ಶಕ್ತಿ. ನೆಲದ ಮೇಲೆ ಕೂತವನೊಬ್ಬ ಮೇಲಿನಿಂದ ಭೂಮಿ ಹೇಗೆ ಕಾಣುತ್ತದೆ ಎಂದು ಯೋಚಿಸಿದ. ಆ ಗೌರವವನ್ನು ಅವನಿಂದ ಕಸಿದುಕೊಳ್ಳಬೇಡಿ. ರೈಟ್ ಸೋದರರ ಶಕ್ತಿ ಬೇರೆ ಕಡೆ ಇತ್ತು. ಹಾರುವ ಕನಸು ಅವರಿಗೂ ಇತ್ತು. ಮೊದಲಿನವರ ಅಂಕಿಅಂಶ ಸರಿ ಹೊಂದುತ್ತಿಲ್ಲ ಎನ್ನಿಸಿದಾಗ 1901ರಲ್ಲಿ ತಾವೇ ಗಾಳಿ ಸುರಂಗವೊಂದನ್ನು ಮಾಡಿಕೊಂಡು ನೂರಾರು ರೆಕ್ಕೆಗಳ ಆಕಾರವನ್ನು ಪರೀಕ್ಷಿಸಿದರು. 1903ರಲ್ಲಿ ಹಾರಿದರು.

ಪುರಾಣವೆಲ್ಲ ಸುಳ್ಳು, ಕಟ್ಟುಕಥೆ, ಸೈನ್ಸ್ ಓದುವವರಿಗೆ ಅದೆಲ್ಲ ಬೇಡ ಎನ್ನುವವರೂ ನನಗೆ ಗೊತ್ತು. ಅವರಲ್ಲಿ ನನ್ನ ಸ್ನೇಹಿತರೂ ಇದ್ದಾರೆ. ಎರಡು ಕಡೆಯವರೂ ಒಂದೇ ನಂಬಿಕೆಯಿಂದ ಮಾತಾಡುತ್ತಾರೆ. ನಡೆದದ್ದಕ್ಕೆ ಮಾತ್ರ ಬೆಲೆ, ಕಲ್ಪಿಸಿದ್ದಕ್ಕೆ ಇಲ್ಲ ಎಂಬ ನಂಬಿಕೆ. ಅದಕ್ಕೇ ಒಬ್ಬರು ನಡೆದಿತ್ತು ಎಂದು ಹಠ ಮಾಡುತ್ತಾರೆ, ಇನ್ನೊಬ್ಬರು ನಡೆದಿಲ್ಲ, ಬಿಸಾಡಿ ಎನ್ನುತ್ತಾರೆ. ನಡುವೆ ಮಕ್ಕಳಿಗೆ ಕಾವ್ಯವೂ ಇಲ್ಲ, ವಿಜ್ಞಾನವೂ ಇಲ್ಲ.

ಕಲ್ಪನೆ ಎಂದರೆ ಮನಸ್ಸಿಗೆ ಬಂದದ್ದನ್ನು ಹೇಳುವುದಲ್ಲ. ಇದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು. ರನ್ನನ ಕೈ ಎಷ್ಟು ಕಡೆ ಕಟ್ಟಿಹಾಕಿತ್ತು ನೋಡಿ. ಭೀಮ ಸೋಲುವಂತಿಲ್ಲ. ಕಂದಪದ್ಯದ ಮಾತ್ರೆ ತಪ್ಪುವಂತಿಲ್ಲ. ಸಾಲಿನ ಎರಡನೆಯ ಅಕ್ಷರದ ಪ್ರಾಸ ಬಿಡುವಂತಿಲ್ಲ. ಕೇಳುವವರಿಗೆ ಕಥೆ ಮೊದಲೇ ಗೊತ್ತು, ಸ್ವಲ್ಪ ಸುಳ್ಳಾದರೂ ಹಿಡಿಯುತ್ತಾರೆ. ಇಷ್ಟರ ನಡುವೆ ಅವನು ಹೊಸದನ್ನು ಕಂಡ.

ವಿಜ್ಞಾನಿಯ ಕೈ ಕಟ್ಟುವುದು ನಿಸರ್ಗ. ಕೆಪ್ಲರ್ ಎಂಬ ಜರ್ಮನಿಯ ಖಗೋಳ ವಿಜ್ಞಾನಿಯ ಕಥೆ ನನಗೆ ಬಹಳ ಇಷ್ಟ. ಗ್ರಹಗಳ ದಾರಿ ವೃತ್ತ ಎಂದೇ ಆ ಕಾಲದ ಎಲ್ಲರೂ ನಂಬಿದ್ದರು, ಅವನೂ ನಂಬಿದ್ದ. ಮಂಗಳ ಗ್ರಹದ ಲೆಕ್ಕ ಹಾಕುತ್ತಾ ಹೋದ. ವರ್ಷಗಟ್ಟಲೆ ದುಡಿದ ಮೇಲೆ ಎಲ್ಲ ಹೊಂದಿತು ಎನ್ನುವಾಗ ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಟೈಕೋ ಬ್ರಾಹೆ ಅಳೆದಿಟ್ಟ ಜಾಗಕ್ಕೂ ಇವನ ಲೆಕ್ಕಕ್ಕೂ ಎಂಟು ಮಿನಿಟು ಕೋನದ ವ್ಯತ್ಯಾಸ ಉಳಿಯಿತು. ಎಂಟು ಮಿನಿಟು ಎಂದರೆ ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ. ಬೇರೆ ಯಾರಾದರೂ ಆಗಿದ್ದರೆ, ಇರಲಿ ಬಿಡು ಎನ್ನುತ್ತಿದ್ದರು. ಕೆಪ್ಲರ್ ಬಿಡಲಿಲ್ಲ. ಟೈಕೋ ಅಷ್ಟು ತಪ್ಪು ಮಾಡುವವನಲ್ಲ ಎಂದುಕೊಂಡು, ತನ್ನ ವರ್ಷಗಳ ದುಡಿಮೆಯನ್ನೂ ವೃತ್ತವನ್ನೂ ಒಟ್ಟಿಗೆ ಕೈಬಿಟ್ಟ. 1609ರಲ್ಲಿ ಅವನು ಪ್ರಕಟಿಸಿದ್ದು ದೀರ್ಘವೃತ್ತ. ನಮ್ಮ ಮಕ್ಕಳು ಈಗ ಒಂದು ಅಂಕಕ್ಕೆ ಬರೆಯುವ ಕೆಪ್ಲರ್ ನಿಯಮ ಹುಟ್ಟಿದ್ದು ಹೀಗೆ.

ಇದೇ ಕೆಪ್ಲರ್ ಚಂದ್ರನ ಮೇಲಿನ ಜೀವನದ ಬಗ್ಗೆ ಕನಸಿನ ಕಥೆಯನ್ನೂ ಬರೆದಿದ್ದ. ಅವನು ತೀರಿಕೊಂಡ ಮೇಲೆ, 1634ರಲ್ಲಿ, ಅದು ಅಚ್ಚಾಯಿತು. ಅಲ್ಲಿ ನಮ್ಮ ಕಡೆಗೆ ಮುಖ ಮಾಡಿದ ಭಾಗದ ಜೀವಿಗಳು ತಲೆಯೆತ್ತಿದರೆ ಆಕಾಶದಲ್ಲಿ ಭೂಮಿ ಕಾಣುತ್ತದೆ. ತಾವು ನಿಂತ ನೆಲ ಅಲ್ಲಾಡುತ್ತಿಲ್ಲ, ತಿರುಗುತ್ತಿರುವುದು ಉಳಿದದ್ದು ಎಂದೇ ಅವರ ನಂಬಿಕೆ, ಥೇಟ್ ನಮ್ಮ ಹಾಗೆ. ಓದುವವನು ಚಂದ್ರನಿಗೆ ಹೋಗಿ ನಿಂತು ಇದನ್ನು ಕಂಡರೆ ಭೂಮಿ ತಿರುಗುತ್ತದೆ ಎಂಬುದನ್ನು ಒಪ್ಪುವುದು ಸುಲಭ. ಕಥೆ ಬರೆದವನೂ ಅವನೇ, ಎಂಟು ಮಿನಿಟಿಗೆ ಸೋತವನೂ ಅವನೇ. ಇಬ್ಬರು ಬೇರೆ ಬೇರೆ ಕೆಪ್ಲರ್ ಇರಲಿಲ್ಲ.

ಹಳ್ಳಿಯಿಂದ ಬರುವ ಮಕ್ಕಳ ವಿಷಯಕ್ಕೆ ಬರುತ್ತೇನೆ. ಸಿಂದಗಿ, ಇಂಡಿ, ಬೀಳಗಿ, ಹುನಗುಂದ ಕಡೆಯಿಂದ ಬಂದವರು ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂಡುತ್ತಾರೆ. ತಮಗೆ ಸೈನ್ಸ್ ಆಗಿಬರುವುದಿಲ್ಲ ಎಂದು ಮೊದಲ ತಿಂಗಳೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಇವರಲ್ಲಿ ಎಷ್ಟೋ ಮಂದಿ ರಾತ್ರಿಯೆಲ್ಲ ಕೂತು ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದವರು. ಅಟ್ಟದ ಮೇಲೆ ಒಂದು ಪರದೆ, ಒಂದು ಹಾರ್ಮೋನಿಯಂ. ಅಷ್ಟರಲ್ಲೇ ದ್ವಾರಕೆ ಕಂಡವರು. ಇಲ್ಲದ್ದನ್ನು ನೋಡುವ ಕಣ್ಣು ಅವರಿಗೆ ಆಗಲೇ ಇದೆ. ಅಂಥವರಿಗೆ ನಾನು ಫ್ಯಾರಡೆಯ ಕಥೆ ಹೇಳುತ್ತೇನೆ. ಕಮ್ಮಾರನ ಮಗ. ಶಾಲೆ ಅಷ್ಟಕ್ಕಷ್ಟೇ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದು, ಬಂದ ಪುಸ್ತಕಗಳನ್ನೇ ಓದಿ ಕಲಿತವನು. ಗಣಿತ ಅವನಿಗೆ ಬರುತ್ತಿರಲಿಲ್ಲ ಎಂದರೂ ನಡೆಯುತ್ತದೆ. ಆದರೆ ಅಯಸ್ಕಾಂತದ ಸುತ್ತಲಿನ ಖಾಲಿ ಜಾಗ ಖಾಲಿ ಅಲ್ಲ, ಅಲ್ಲಿ ಬಲದ ರೇಖೆಗಳಿವೆ ಎಂದು ಅವನಿಗೆ ಕಂಡಿತು. ಕಬ್ಬಿಣದ ಪುಡಿ ಉದುರಿಸಿ ಬೇರೆಯವರಿಗೂ ತೋರಿಸಿದ. ಮುಂದೆ ಮ್ಯಾಕ್ಸ್‌ವೆಲ್ ಆ ನೋಟವನ್ನೇ ಸಮೀಕರಣಗಳಿಗೆ ಇಳಿಸಿದ. ಬೆಳಕು ವಿದ್ಯುತ್ಕಾಂತೀಯ ಅಲೆ ಎಂಬುದು ಅಲ್ಲಿಂದ ಹೊರಬಂತು. ಈ ಕಥೆ ಹೇಳಿದ ದಿನ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತವೆ. ಬಂದೇ ಬರುತ್ತವೆ.

ಇನ್ನು ಗೋಳಗುಮ್ಮಟ. ನಮ್ಮ ಜಿಲ್ಲೆಯ ಹೆಸರು ಹೇಳಿದರೆ ಎಲ್ಲರೂ ನೆನೆಯುವುದು ಅದನ್ನೇ. ಚೌಕದ ಹಜಾರದ ಮೇಲೆ, ನಡುವೆ ಒಂದು ಕಂಬವೂ ಇಲ್ಲದೆ, ಒಳಗೇ ಸುಮಾರು 38 ಮೀಟರ್ ಅಗಲದ ಗುಮ್ಮಟ. ಒಂದನ್ನೊಂದು ಹಾಯುವ ಎಂಟು ಕಮಾನುಗಳ ಮೇಲೆ ಆ ಭಾರ ಕೂತಿದೆ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಆಚೆ ಕಡೆ ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ. ಧ್ವನಿ ನಡುವಿನ ಗಾಳಿಯಲ್ಲಿ ಚೆದುರಿ ಹೋಗದೆ ಬಾಗಿದ ಗೋಡೆಯನ್ನೇ ಹಿಡಿದುಕೊಂಡು ಸುತ್ತಿ ಬರುತ್ತದೆ ಎಂದು ಮೊದಲು ವಿವರಿಸಿದವರು ಇಂಗ್ಲೆಂಡಿನ ಲಾರ್ಡ್ ರೇಲೀ. ಸಿ. ವಿ. ರಾಮನ್ 1921ರಲ್ಲಿ ಲಂಡನ್ನಿಗೆ ಹೋದಾಗ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಇದನ್ನು ಪರೀಕ್ಷಿಸಿದರು. ಆಮೇಲೆ ನಮ್ಮ ಗೋಳಗುಮ್ಮಟದ ಧ್ವನಿಯನ್ನೂ ಅಧ್ಯಯನ ಮಾಡಿದರು. ಇವತ್ತು ಕೂದಲಿಗಿಂತ ಸಣ್ಣ ಗಾಜಿನ ಗೋಲಿಗಳಲ್ಲಿ ಬೆಳಕು ಇದೇ ರೀತಿ ಅಂಚು ಹಿಡಿದು ಸುತ್ತುವಂತೆ ಮಾಡಿ ಸೂಕ್ಷ್ಮ ಉಪಕರಣಗಳನ್ನು ಮಾಡುತ್ತಾರೆ. ಅದಕ್ಕೆ ಇಟ್ಟ ಹೆಸರೂ ಪಿಸುಗುಟ್ಟುವ ಗ್ಯಾಲರಿಯದೇ.

ಅದೇ 1921ರ ಪ್ರಯಾಣದಲ್ಲಿ, ಹಡಗಿನ ಮೇಲಿನಿಂದ ರಾಮನ್ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿದರು. ಅದು ಆಕಾಶದ ಬಣ್ಣದ ಪ್ರತಿಫಲನ ಅಷ್ಟೇ ಎಂದು ರೇಲೀ ಹೇಳಿಯಾಗಿತ್ತು. ರಾಮನ್‌ಗೆ ಒಪ್ಪಿಗೆಯಾಗಲಿಲ್ಲ. ಜೊತೆಗಿದ್ದ ಪಟ್ಟಕದಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ. ಹಾಗಾದರೆ ಆ ಬಣ್ಣ ನೀರಿನ ಒಳಗಿನಿಂದಲೇ ಬರುತ್ತಿದೆ. ಕಾಣದ ಅಣುಗಳು ಬೆಳಕನ್ನು ಚದುರಿಸುತ್ತಿವೆ ಎಂದು ಅವರು ತೀರ್ಮಾನಿಸಿದರು. ಈ ದಾರಿ ಹಿಡಿದು ಹೋಗಿ 1928ರ ಫೆಬ್ರುವರಿ 28ಕ್ಕೆ ರಾಮನ್ ಪರಿಣಾಮಕ್ಕೆ ಬಂದರು. ನಾವು ಆಚರಿಸುವ ವಿಜ್ಞಾನ ದಿನ ಅದು. ಸಮುದ್ರದ ನೀಲಿಯನ್ನು ಕವಿಗಳು ನೋಡಿದಷ್ಟು ಆಸೆಯಿಂದ ನೋಡದಿದ್ದರೆ ಪಟ್ಟಕವನ್ನು ಕಣ್ಣಿಗೆ ಹಿಡಿಯುವ ಮನಸ್ಸಾದರೂ ಯಾಕೆ ಬರುತ್ತಿತ್ತು?

ಆ ದಿನ ನಾವು ಮಾಡುವುದು ಏನು? ಪೇಟೆಯಲ್ಲಿ ರೆಡಿ ಸಿಗುವ ಥರ್ಮಾಕೋಲ್ ಮಾಡೆಲ್. ಜ್ವಾಲಾಮುಖಿ, ಮಳೆನೀರು ಕೊಯ್ಲು, ಸೌರವ್ಯೂಹ. ದುಡ್ಡು ಕೊಟ್ಟದ್ದು ಅಪ್ಪ, ಅಂಟಿಸಿದ್ದು ಅಕ್ಕ, ವಿವರಣೆ ಬಾಯಿಪಾಠ. ಮಗುವಿನದು ಎಂಬುದು ಅದರಲ್ಲಿ ಒಂದಾದರೂ ಇರುತ್ತದಾ? ನಿರ್ಣಾಯಕಳಾಗಿ ಹೋದ ಕಡೆಗಳಲ್ಲೆಲ್ಲ ನಾನು ಕೇಳುವುದು ಒಂದೇ: "ಇದನ್ನು ಮಾಡುವಾಗ ನಿನಗೆ ಏನು ಡೌಟ್ ಬಂತು?" ಉತ್ತರ ಬರುವುದು ಅಪರೂಪ.

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಅನುದಾನ ಬೇಡ, ಹೊಸ ಕಟ್ಟಡ ಬೇಡ.

ಪ್ರಾಚಾರ್ಯರೇ, ಜನವರಿ ಆದ ಮೇಲೂ ಸೈನ್ಸ್ ವಿಭಾಗದ ಕನ್ನಡ ಪಿರಿಯಡ್ ಹಾಗೇ ಇರಲಿ. ಕಾವ್ಯದ ಪಾಠಗಳನ್ನು ನೋಟ್ಸಿನಲ್ಲಿ ಮುಗಿಸದೆ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಗಮಕ ಬಲ್ಲವರು ನಿಮ್ಮ ಊರಲ್ಲಿದ್ದರೆ ಕರೆಸಿ. ತಿಂಗಳಿಗೆ ಒಂದು ಗಂಟೆ ಕನ್ನಡದ ಉಪನ್ಯಾಸಕರೂ ವಿಜ್ಞಾನದವರೂ ಒಂದೇ ತರಗತಿಗೆ ಹೋಗಲಿ. ರನ್ನನ ಸರೋವರ ಓದಿದ ಮೇಲೆ ಲಿಫ್ಟಿನ ಲೆಕ್ಕ ಮಾಡಲಿ. ದುಂಬಿಯ ಪದ್ಯವನ್ನು ಒಬ್ಬರು ಬಿಡಿಸಿ ಹೇಳಲಿ, ಸಮೀಕರಣವನ್ನು ಇನ್ನೊಬ್ಬರು ಬಿಡಿಸಲಿ. ಸಿಲೆಬಸ್‌ಗೆ ಇದರಿಂದ ಏನೂ ತೊಂದರೆಯಿಲ್ಲ. ನಮ್ಮ ಕನ್ನಡ ವಿಭಾಗದವರ ಜೊತೆ ನಾನು ಇದನ್ನು ಮಾಡಿದ್ದೇನೆ, ಮಕ್ಕಳು ಗಂಟೆ ಹೊಡೆದರೂ ಏಳುವುದಿಲ್ಲ.

ಉಪನಿರ್ದೇಶಕರೇ, ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಕೊಂಡು ತಂದ ಮಾಡೆಲ್‌ಗೆ ಬಹುಮಾನ ಇಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಮಗು ತಾನೇ ಕೇಳಿಕೊಂಡ ಪ್ರಶ್ನೆಗೆ, ತಾನು ಊಹಿಸಿದ ಉತ್ತರಕ್ಕೆ, ಆ ಊಹೆ ಸರಿಯೋ ತಪ್ಪೋ ಎಂದು ನೋಡಿದ ರೀತಿಗೆ ಅಂಕ ಕೊಡಿ. ಊಹೆ ತಪ್ಪಾಗಿದ್ದರೂ ಕೊಡಿ. ಕೆಪ್ಲರ್‌ನ ಮೊದಲ ಊಹೆ ತಪ್ಪಾಗಿತ್ತಲ್ಲ.

ಗೋಳಗುಮ್ಮಟ ನೋಡಿಕೊಳ್ಳುವ ಪುರಾತತ್ವ ಇಲಾಖೆಯವರಲ್ಲಿಯೂ ಒಂದು ಬೇಡಿಕೆ. ನೀವು ಅಲ್ಲಿ ದಿನಾ ಇರುತ್ತೀರಿ, ನಿಮಗೆ ಗೊತ್ತು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಗುಟ್ಟುವವರೇ ಇಲ್ಲ. ಎಲ್ಲರೂ ಕೂಗುತ್ತಾರೆ, ಸೀಟಿ ಹೊಡೆಯುತ್ತಾರೆ. ಒಂದು ಮಾತೂ ಕೇಳುವುದಿಲ್ಲ. ಫೆಬ್ರುವರಿ 28ರಂದು ಬೆಳಿಗ್ಗೆ, ಜನ ಸೇರುವ ಮುಂಚೆ, ಒಂದು ಗಂಟೆಯನ್ನು ವಿದ್ಯಾರ್ಥಿಗಳಿಗೆಂದು ಬಿಟ್ಟುಕೊಡಿ. 15 ವರ್ಷದ ಒಳಗಿನವರಿಗೆ ಟಿಕೆಟ್ ಹೇಗೂ ಇಲ್ಲ, ಪಿಯುಸಿ ಮಕ್ಕಳ ಟಿಕೆಟ್ ಹಣವನ್ನು ಕಾಲೇಜು ಕಟ್ಟಲಿ. ಮೆಟ್ಟಿಲು ಹತ್ತುವ ಮುಂಚೆ ಪ್ರತಿ ಮಗುವೂ ನೋಟ್‌ಬುಕ್ಕಿನಲ್ಲಿ ಆ ಪಿಸುಮಾತು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಚಿತ್ರ ಬರೆಯಬೇಕು. ತಾನೇ ಆ ಧ್ವನಿ ಎಂದುಕೊಂಡು ಬರೆಯಬೇಕು. ಆಮೇಲೆ ಮೇಲೆ ಹೋಗಿ ಗೋಡೆಗೆ ಕಿವಿ ಹಚ್ಚಿ ಕೇಳಲಿ, ಒಂದು ಮೊಳ ದೂರ ಸರಿದು ಕೇಳಲಿ, ಎರಡು ಮೊಳ ಸರಿದು ಕೇಳಲಿ. ಚಿತ್ರ ತಿದ್ದಬೇಕಾದರೆ ತಿದ್ದಲಿ.

ಅಪ್ಪ ಅವ್ವಂದಿರಲ್ಲಿ ಕೇಳಿಕೊಳ್ಳುವುದು ಇಷ್ಟು. ಮಗಳು ಕಥೆ ಪುಸ್ತಕ ಹಿಡಿದು ಕೂತರೆ "ಟೈಂ ವೇಸ್ಟ್ ಮಾಡಬ್ಯಾಡ" ಎಂದು ಕಸಿದುಕೊಳ್ಳಬೇಡಿ. ಮಗ ಪಾರಿಜಾತ ನೋಡಲು ಹೊರಟರೆ ವಾರಕ್ಕೊಂದು ರಾತ್ರಿಯಾದರೂ ಬಿಡಿ. ಅದೂ ಅವನ ಓದೇ.

ಈ ಸಲದ ಫೆಬ್ರುವರಿಗೆ ಒಂದೆರಡು ಕಾಲೇಜುಗಳಾದರೂ ಒಪ್ಪಿದರೆ ಸಾಕು. ಗುಮ್ಮಟದ ಬೆಳಗಿನ ಗಂಟೆಗೆ ಬೇಕಾದ ಅನುಮತಿ ಪತ್ರ, ಮಕ್ಕಳಿಗೆ ಕೊಡುವ ಒಂದು ಪುಟದ ಹಾಳೆ, ದುಂಬಿಯ ಪದ್ಯದ ಕನ್ನಡ ಅರ್ಥ ಎಲ್ಲವನ್ನೂ ನಾವು ಸಿದ್ಧ ಮಾಡಿದ್ದೇವೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಯಾವ ಕಾಲೇಜು ಕರೆದರೂ ಕನ್ನಡದ ಒಬ್ಬ ಸಹೋದ್ಯೋಗಿಯ ಜೊತೆ ನಾನೇ ಬರುತ್ತೇನೆ. ವೇಳಾಪಟ್ಟಿ ತಯಾರಾಗುವ ಮೊದಲು ತಿಳಿಸಿ.

ಇಂತಿ ನಿಮ್ಮ,
ಒಬ್ಬ ಭೌತಶಾಸ್ತ್ರ ಉಪನ್ಯಾಸಕಿ
ವಿಜಯಪುರ